ಉಸಿರಾಡೋ ಕಾಣಿಕಿ

ಹೋದ ಐತಾರ ಅಯ್ಯನವರು ಕಟ್ಟಿ ಮ್ಯಾಲ ನಿಂತು ಅಂದ್ರು:
ಕೊಯ್ದು ಸುಟ್ಟ ಬಲಿ ದೇವರಿಗಿ ಸಾಕಾಗ್ಯಾವ,
ಉಸಿರಾಡೋ ಕಾಣಿಕಿ ತರ್ರಿ.
ನಾ ತಿಳಕೊಂಡೆ, ಕೋಳಿ.

ಸುಗ್ಗಿ ಹಬ್ಬದ ಮುಂಜಾನಿ
ಕಂದು ರೆಕ್ಕಿಯ ಹ್ಯಾಟಿ, ಕಾಲಿಗಿ ಹಳೇ ಸೀರಿ ಅಂಚು ಕಟ್ಟಿ
ಬಗಲಾಗ ಹಿಡಕೊಂಡು ಹೊಂಟೆ.
ಕಮಠಾಣದ ಕೆಂಪು ಮಣ್ಣು ಆಗಲೇ ಕಾಯ್ದಿತ್ತು.
ಹಿಂದಿನ ವರ್ಷ ಪ್ರಭುದಾಸ ಸವಾಲು ಕೂಗಿದಾಗ
ಒಂದು ಕುಂಬಳಕಾಯಿ ಒಂಬೈನೂರಕ್ಕ ಹೋಗಿತ್ತು,
ಕೊಟ್ಟವರ ಹೆಸರು ಎರಡು ಸಲ ಮೈಕಿನಾಗ.
ಈ ಸಲ ದೀನಮ್ಮನ ಕೋಳಿ, ಅಂತ
ಮನಸಿನಾಗ ಮೈಕು ಹಿಡಕೊಂಡೇ ನಡದೆ.
ಸುಳ್ಳು ಯಾಕ ಹೇಳಲಿ, ಅದೂ ಗುಡಿ ದಾರ್ಯಾಗ.

ಬಾವಿ ತಿರುವಿನಾಗ ಕೋಳಿ ಮಿಸುಕಾಡ್ತು.
ನನ್ನ ಎದಿಗಿ ಅದರ ಎದಿ ಬಡೀತು, ಪುಟಪುಟ.
ದುಂಡಗ ಆಗ್ಯಾದಲ್ಲ ಅಂತ ಕೈಲೇ ತೂಕ ನೋಡ್ದೆ.
ಏನು ತಿಂದು ಇಷ್ಟು ದುಂಡಗಾತು?
ನಾ ಹಾಕಿದ್ದೇನು? ತಂಗಳನ್ನ, ಒಂದು ಹಿಡಿ ನುಚ್ಚು.

ಜ್ವಾಳ.
ಲಾಲ್ಬಿಯ ಜ್ವಾಳ.

ಆಕಿ ಮಾಳಿಗಿ ಮ್ಯಾಲ ಕೌದಿ ಹಾಸಿ ಒಣಗಿಸಿದ್ದು.
ಇದು ಗ್ವಾಡಿ ಹಾರಿ ಹೋಗ್ತಿತ್ತು, ದಿನಾ.
ನಾ ಬಾಗಿಲಾಗ ಕುಂತು, ಕಂಡೂ ಕಾಣದಂಗ
ಮೆಣಸಿನಕಾಯಿ ತೊಟ್ಟು ಮುರೀತಿದ್ದೆ.
ಒಂದಿನ ಆಕಿ ಕಲ್ಲು ಬೀಸಿದಳು. ಕೋಳಿಗಿ ಬಡೀಲಿಲ್ಲ.
ನಾ ಬಾಯಿ ಬೀಸಿದೆ. ಅದು ಬಡೀತು.
ಮಕ್ಕಳಿಲ್ಲದ ಹೆಣ್ಣಿಗಿ ಅನಬಾರದ್ದು ಅಂದೆ.
ಏಳು ತಿಂಗಳಾತು.
ಅದರಾಚಿ ಮೂವತ್ತು ಐತಾರ
ಅದೇ ಬಾಯಿಂದ ಹಾಡೀನಿ.
ಧ್ವನಿ ಚಲೋ ಅದ ಅಂತಾರ ಎಲ್ಲಾರು.

ಗುಡಿ ಮೆಟ್ಟಿಲ ಮ್ಯಾಲ ಹೆಸರಿನ ಚೀಲ, ಉದ್ದಿನ ಪುಟ್ಟಿ,
ಯಾರದೋ ಉದ್ದಾನ ಸೋರೆಕಾಯಿ.
ಪ್ರಭುದಾಸ ಕೈ ಚಾಚಿದ:
ಕೊಡವ್ವ, ಚೀಟಿ ಬರೀತೀನಿ, ಯಾರ ಹೆಸರು?
ಯಾರ ಹೆಸರು.
ತಡಿಯಪ್ಪ, ಅಂದೆ,
ಈ ಕೋಳಿ ಇನ್ನಾ ನಂದಾಗಿಲ್ಲ.

ಎರಡನೇ ಗಂಟಿ ಬೆನ್ನಿಗಿ ಬಿತ್ತು.
ಇಸ್ತ್ರಿ ಸೀರ್ಯಾಗ ಎದುರು ಬರೋ ಮಂದಿ
ಏನು ಮರತಿ ಅಂತ ಕೇಳ್ದ್ರು.
ಹೂಂ ಅಂದೆ. ಅದು ಖರೇನೇ ಆಗಿತ್ತು.
ಕೈ ಕೊಟ್ಟೀನಿ, ಕಾಲು ಕೊಟ್ಟೀನಿ, ಉಪವಾಸಕ್ಕ ಹೊಟ್ಟಿ ಕೊಟ್ಟೀನಿ,
ಎಲ್ಲಾ ದೇವರದೇ ಅಂತ ತಿರಗ್ಯಾಡಿದ್ದೆ.
ನಾಲಿಗಿ ಒಂದು ಮನ್ಯಾಗ ಉಳಿಸಿಕೊಂಡಿದ್ದೆ,
ಬೇಕಾದಾಗ ಸಿಗಲಿ ಅಂತ
ಸೂರಿಗಿ ಕುಡಗೋಲು ಸಿಗಿಸಿದಂಗ.

ಲಾಲ್ಬಿ ಹೊಸ್ತಲದಾಗ ಅಕ್ಕಿ ಹಸನ ಮಾಡ್ಲತ್ತಿದ್ದಳು.
ಮಾರಿ ಎತ್ತಲಿಲ್ಲ.
ದಾರ್ಯಾಗ ಜೋಡಿಸಿದ ಮಾತು ಒಂದೂ ಹೊರಡಲಿಲ್ಲ,
ಹಾಡೋ ಬಾಯಿ ಅದು.
ಕೋಳಿ ಕೆಳಗಿಟ್ಟೆ. ನಿನ್ನ ಜ್ವಾಳ, ಅಂದೆ.
ಬಾಳ ಹೊತ್ತು ಮರ ಕೇರೋ ಸಪ್ಪಳ ಅಷ್ಟೇ.
ಆಮ್ಯಾಲ ಆಕಿ: ಜ್ವಾಳಿಂದು ಬಿಡು, ಪಕ್ಷಿ ತಿಂತದ.
ಅಷ್ಟಂದು ನಿಲ್ಲಿಸಿದಳು.
ಆಗ ಆ ಇನ್ನೊಂದು ಮಾತು ತಾನೇ ಎದ್ದು ಬಂದು
ನಮ್ಮಿಬ್ಬರ ನಡು ಕುಂತಿತು.
ಮೂವತ್ತು ಐತಾರ ಮೊಣಕಾಲು ಊರಿದ್ದೆ.
ಖರೇ ಊರಿದ್ದು ಅವತ್ತು,
ಆಕಿ ಅಂಗಳದ ಫರಸಿ ಮ್ಯಾಲ.

ಮಾಫ್ ಮಾಡೀನಿ ಅನ್ನಲಿಲ್ಲ ಆಕಿ.
ಮರದ ಒಂದು ಬದಿ ನನ್ನ ಕಡಿ ಸರಿಸಿದಳು.
ಇಬ್ಬರೂ ಕಲ್ಲು ಆರಿಸ್ದಿವಿ.

ಗುಡಿ ಕಡಿಂದ ಮೈಕಿನ ಧ್ವನಿ ಗಾಳ್ಯಾಗ ತೇಲಿ ಬರ್ತಿತ್ತು,
ಸೋರೆಕಾಯಿ ನಾನೂರು, ನಾನೂರೈವತ್ತು.
ನನ್ನ ಹೆಸರು ಬರಲಿಲ್ಲ.
ಕಾಲು ಬಿಚ್ಚಿಸಿಕೊಂಡ ಕೋಳಿ ನಮ್ಮ ನಡು ಅಡ್ಡಾಡಿ
ಬಿದ್ದ ಕಾಳು ಒಂದೊಂದೇ ಹೆಕ್ತಿತ್ತು
ಯಾರ ಅಪ್ಪಣಿನೂ ಕೇಳದಂಗ.
ಮೈ ತುಂಬ ಉಸಿರು ತಗೊಂಡೆ,
ಅಕ್ಕಿ ಧೂಳಿನ ವಾಸನಿ.
ಇಷ್ಟು ಸಾಕೇನು ಅಂತ ಅಯ್ಯನವರಿಗಿ ಕೇಳಬೇಕಂದೆ.
ಮರದಾಗ ಇನ್ನಾ ಎರಡು ಸೇರು ಉಳದಿತ್ತು.